ನಿಸ್ತಂತು ಜಾಲವೂ ಮುಕ್ತ ಗಣಕವೂ

ಕೈಯಲ್ಲಿರುವ ಸಲಕರಣೆಯ ಒಳಗನ್ನು ಬಲ್ಲವರು ಅದಕ್ಕೆ ಒಡೆಯರು; ಅರಿಯದವರು ಅದಕ್ಕೆ ಆಳುಗಳು. ರೋಣದ ಸೀಮೆಯ ಒಕ್ಕಲಿಗನ ಕೂರಿಗೆಯು ಬಿತ್ತಿಗೆಯ ಕಾಲದಲ್ಲಿ ಮುರಿದರೆ ಆತನು ಬಡಿಗನ ಎದುರಿಗೆ ಕುಳಿತು ಅದನ್ನು ಸರಿಪಡಿಸಿಕೊಳ್ಳುತ್ತಾನೆ. ಎಲ್ಲಿ ಸಡಿಲಾಯಿತು, ಏನು ಸವೆಯಿತು ಎಂಬುದು ಇಬ್ಬರ ಕಣ್ಣಿಗೂ ಕಾಣುವುದರಿಂದ ಕೆಲಸವು ಒಂದು ಹೊತ್ತಿನಲ್ಲಿ ತೀರುತ್ತದೆ. ಆದರೆ ನಮ್ಮ ಮನೆಗಳಿಗೂ ಶಾಲೆಗಳಿಗೂ ಬಂದಿರುವ ಗಣಕಯಂತ್ರದ ವಿಷಯವು ಹಾಗಲ್ಲ. ಅದು ಕೆಟ್ಟಿತೆಂದರೆ ಪಟ್ಟಣಕ್ಕೆ ಒಯ್ಯಬೇಕು. ಕೇಳಿದಷ್ಟು ಹಣ ಕೊಡಬೇಕು. ಏನಾಗಿತ್ತೆಂದು ವಿಚಾರಿಸಿದರೆ ತೃಪ್ತಿಕರವಾದ ಉತ್ತರ ದೊರೆಯದು. ವಿಚಾರಿಸಿದವರು ಹೆಣ್ಣುಮಕ್ಕಳಾದರಂತೂ “ಅದು ನಿಮಗೆ ತಿಳಿಯುವಂಥದಲ್ಲ” ಎಂಬ ಮಾತೇ ಉತ್ತರವಾಗುವುದುಂಟು.

ಈ ಸಂಗತಿಯು ಈಗ ಮತ್ತಷ್ಟು ವಿಚಾರಾರ್ಹವಾಗಿದೆ. ಮೈಕ್ರೊಸಾಫ್ಟ್ ಕಂಪನಿಯವರು ವಿಂಡೋಸ್ ೧೦ ಎಂಬ ತಮ್ಮ ಕಾರ್ಯಾಚರಣ ವ್ಯವಸ್ಥೆಯ ಸಾಮಾನ್ಯ ಪೋಷಣೆಯನ್ನು ೨೦೨೫ನೆಯ ಇಸವಿಯ ಅಕ್ಟೋಬರ್ ೧೪ರಂದು ನಿಲ್ಲಿಸಿದರು. ಅದರ ಮುಂದಿನದಾದ ವಿಂಡೋಸ್ ೧೧ಕ್ಕೆ ಅವರು ವಿಧಿಸಿರುವ ನಿಯಮಗಳನ್ನು ಹಳೆಯ ಯಂತ್ರಗಳಲ್ಲಿ ಬಹಳಷ್ಟು ಪೂರೈಸಲಾರವು. ಹೀಗಿರಲು, ಪರದೆಯೂ ಕೀಲಿಮಣೆಯೂ ನೆಟ್ಟಗಿದ್ದು ಇನ್ನೂ ಅನೇಕ ವರ್ಷ ದುಡಿಯಬಲ್ಲ ಲ್ಯಾಪ್‌ಟಾಪುಗಳು ಕಪಾಟಿನ ಮೂಲೆ ಸೇರುವ ಕಾಲ ಬಂದಿದೆ. ಇವುಗಳಲ್ಲಿ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ನೆಲೆಗೊಳಿಸಿದರೆ ಅವು ಮರಳಿ ಉಪಯೋಗಕ್ಕೆ ಬರುತ್ತವೆ. ಅದಕ್ಕೆ ಹಣವನ್ನೂ ತೆರಬೇಕಾಗಿಲ್ಲ. ಆದರೆ ಹಾಗೆ ನೆಲೆಗೊಳಿಸಿದವರಲ್ಲಿ ಅನೇಕರು ಮೊದಲ ದಿವಸವೇ ಒಂದು ಸ್ಥಳದಲ್ಲಿ ಎಡವುತ್ತಾರೆ. ಯಂತ್ರವು ಏಳುತ್ತದೆ, ಕನ್ನಡವನ್ನು ತೋರಿಸುತ್ತದೆ, ಪತ್ರವನ್ನು ಬರೆಯುತ್ತದೆ; ಆದರೆ ನಿಸ್ತಂತು ಜಾಲವು ಮಾತ್ರ ಕೂಡುವುದಿಲ್ಲ. “ಇದು ಆಗುವ ಮಾತಲ್ಲ” ಎಂದು ಯಂತ್ರವನ್ನು ಮುಚ್ಚಿಡುತ್ತಾರೆ. ಅರ್ಧ ತಾಸಿನ ಕ್ರಮವಾದ ವಿಚಾರಣೆಯಿಂದ ಬಗೆಹರಿಯಬಹುದಾದ ತೊಡಕು ಒಂದು ಒಳ್ಳೆಯ ಯಂತ್ರವನ್ನು ಹೂಳಿಬಿಡುತ್ತದೆ. ಆ ವಿಚಾರಣೆಯ ಕ್ರಮವನ್ನು ನಮ್ಮ ವಾಚಕಿಯರಿಗೆ ತಿಳಿಸುವುದೇ ಈ ಲೇಖನದ ಉದ್ದೇಶವು.

ನಿಸ್ತಂತುವೆಂದರೇನು?

ತಂತಿಯಿಲ್ಲದೆ ಸುದ್ದಿ ಸಾಗುವುದು ನಮ್ಮ ದೇಶಕ್ಕೆ ಹೊಸತಲ್ಲ. ಜಗದೀಶಚಂದ್ರ ಬೋಸರು ೧೮೯೫ರಲ್ಲಿಯೇ ಕಲಕತ್ತೆಯಲ್ಲಿ ವಿದ್ಯುದಲೆಗಳನ್ನು ಗೋಡೆಗಳ ಆಚೆಗೆ ಕಳುಹಿಸಿ, ಅಲ್ಲಿಯ ಗಂಟೆಯನ್ನು ಬಾರಿಸಿ ತೋರಿಸಿದ್ದರು. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ನಮ್ಮ ಉತ್ತರದ ಸೀಮೆಗೆ ಧಾರವಾಡದ ಆಕಾಶವಾಣಿ ಕೇಂದ್ರವು ೧೯೫೦ನೆಯ ಜನವರಿ ೮ರಂದು ಪ್ರಾರಂಭವಾಯಿತು.

ಆ ರೇಡಿಯೋ ಕೇಳುವುದನ್ನು ಮಾತ್ರ ಬಲ್ಲದು, ಮಾತಾಡಲರಿಯದು. ಲ್ಯಾಪ್‌ಟಾಪಿನಲ್ಲಿರುವ ನಿಸ್ತಂತು ಕಾರ್ಡು ಕೇಳುವುದನ್ನೂ ಬಲ್ಲದು, ಮಾತಾಡುವುದನ್ನೂ ಬಲ್ಲದು. ಮನೆಯಲ್ಲಿಯೋ ಶಾಲೆಯಲ್ಲಿಯೋ ಇಟ್ಟ ರೌಟರೆಂಬ ಪೆಟ್ಟಿಗೆಯೊಡನೆ ಅದು ಸಂಭಾಷಣೆ ನಡೆಸುತ್ತದೆ. ಇವೆರಡರ ನಡುವಣ ಭಾಷೆಯ ನಿಯಮಗಳನ್ನು ೧೯೯೭ರಲ್ಲಿ ‘೮೦೨.೧೧’ ಎಂಬ ಸಂಖ್ಯೆಯಿಂದ ಪ್ರಕಟಿಸಿದರು. ಜನರು ಇದನ್ನೇ ವೈಫೈ ಎನ್ನುತ್ತಾರೆ. ಇದರ ಅಲೆಗಳು ಮುಖ್ಯವಾಗಿ ಎರಡು ಬಗೆಯವು. ೨.೪ ಗಿಗಾಹರ್ಟ್ಸ್ ಎಂಬವು ಸುಮಾರು ೧೨ ಸೆಂಟಿಮೀಟರು ಉದ್ದವುಳ್ಳವು. ೫ ಗಿಗಾಹರ್ಟ್ಸ್ ಎಂಬವು ಅದರ ಅರ್ಧದಷ್ಟು. ಉದ್ದದ ಅಲೆಯು ಗೋಡೆಯನ್ನು ಹೆಚ್ಚಾಗಿ ದಾಟುತ್ತದೆ. ಗಿಡ್ಡ ಅಲೆಯು ಹೆಚ್ಚು ಸುದ್ದಿಯನ್ನು ಬೇಗನೆ ಹೊರುತ್ತದೆ, ಆದರೆ ದಪ್ಪ ಗೋಡೆಯ ಮುಂದೆ ಸೋಲುತ್ತದೆ. ಆದಕಾರಣ ಕಲ್ಲುಮಣ್ಣಿನ ದಪ್ಪ ಗೋಡೆಗಳ ನಮ್ಮ ಹಳೆಯ ಮನೆಗಳಲ್ಲಿ ಪಡಸಾಲೆಯ ರೌಟರಿನ ಸುದ್ದಿ ಹಿತ್ತಲ ಕೋಣೆಗೆ ತಲುಪದಿದ್ದರೆ ಅದು ಲ್ಯಾಪ್‌ಟಾಪಿನ ದೋಷವಲ್ಲ. ಭಾರತ ಸರಕಾರವು ೨೦೦೫ರಲ್ಲಿ ೨.೪ ಗಿಗಾಹರ್ಟ್ಸಿನ ಅಲ್ಪಶಕ್ತಿಯ ಸಲಕರಣೆಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. ಅಂದಿನಿಂದ ಮನೆಮನೆಯಲ್ಲಿ ಇದನ್ನಿಡುವುದು ಸುಗಮವಾಯಿತು.

ಇಂಥ ಸೂಕ್ಷ್ಮ ಅಲೆಗಳ ಶಾಸ್ತ್ರವು ಹೆಂಗಸರಿಗೆ ಒಗ್ಗದೆಂದು ಹೇಳುವವರಿಗೆ ನಮ್ಮ ನಾಡಿನ ರಾಜೇಶ್ವರಿ ಚಟರ್ಜಿಯವರೇ ಉತ್ತರವು. ೧೯೨೨ರಲ್ಲಿ ಜನಿಸಿದ ಈ ಕನ್ನಡತಿಯು ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ೧೯೫೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಪತಿಯೊಡಗೂಡಿ ಮೈಕ್ರೊವೇವ್ ಸಂಶೋಧನೆಯನ್ನು ಅಲ್ಲಿ ನೆಲೆಗೊಳಿಸಿದರು. ಆಂಟೆನಾಗಳ ವಿಷಯದಲ್ಲಿ ಗ್ರಂಥಗಳನ್ನು ಬರೆದರು. ಲ್ಯಾಪ್‌ಟಾಪಿನ ಪರದೆಯ ಅಂಚಿನಲ್ಲಿ ಅಡಗಿರುವ ಆಂಟೆನಾ ತಂತಿಯು ಅವರು ಕಲಿಸಿದ ಶಾಸ್ತ್ರದ ಅಧೀನವಾದದ್ದೇ ಸರಿ.

ಮುಕ್ತ ತಂತ್ರಾಂಶವೆಂದರೇನು?

ಗಣಕದ ಅಂಗಾಂಗಗಳನ್ನು ಒಂದುಗೂಡಿಸಿ ದುಡಿಸುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಕೆಲವು ಕಂಪನಿಗಳು ಅದರ ಮೂಲಬರಹವನ್ನು ಬೀಗಹಾಕಿ ಇಡುತ್ತವೆ. ಇದಕ್ಕೆ ಪ್ರತಿಯಾಗಿ ರಿಚರ್ಡ್ ಸ್ಟಾಲ್ಮನ್ ಎಂಬವರು ೧೯೮೩ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾದ ಲೀನಸ್ ಟೊರ್ವಾಲ್ಡ್ಸ್ ಎಂಬವರು ಲಿನಕ್ಸ್ ಎಂಬ ಕರ್ನೆಲ್ಲನ್ನು, ಅಂದರೆ ವ್ಯವಸ್ಥೆಯ ತಿರುಳನ್ನು, ಬರೆದು ಎಲ್ಲರ ಮುಂದಿಟ್ಟರು. ಇವೆರಡೂ ಕೂಡಿ ೧೯೯೩ರಲ್ಲಿ ಡೆಬಿಯನ್, ೨೦೦೪ರಲ್ಲಿ ಉಬುಂಟು ಮೊದಲಾದ ವ್ಯವಸ್ಥೆಗಳು ಹುಟ್ಟಿದವು. ಕನ್ನಡ ಲಿಪಿಗೆ ಯುನಿಕೋಡ್ ಸಂಕೇತದಲ್ಲಿ ಸ್ಥಾನ ದೊರೆತದ್ದೂ ಅದೇ ೧೯೯೧ರಲ್ಲಿ ಎಂಬುದು ನೆನಪಿಡತಕ್ಕದ್ದು.

ಮುಕ್ತವೆಂದರೆ ಬರಿಯ ಪುಕ್ಕಟೆಯೆಂದು ಅರ್ಥವಲ್ಲ. ಬೇಕಾದ ಕೆಲಸಕ್ಕೆ ಬಳಸುವುದು, ಒಳಗನ್ನು ಓದಿ ಕಲಿಯುವುದು, ನೆರೆಯವರಿಗೆ ಪ್ರತಿ ಕೊಡುವುದು, ತಿದ್ದಿ ಉತ್ತಮಪಡಿಸಿ ಹಂಚುವುದು, ಈ ನಾಲ್ಕು ಹಕ್ಕುಗಳು ಎಲ್ಲರಿಗೂ ಇರುವುದೇ ಅದರ ಲಕ್ಷಣವು. ಗದಗ ಸೀಮೆಯವರಿಗೆ ಇದು ಅರ್ಥವಾಗದ ತತ್ವವಲ್ಲ. ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಪಾಟೀಲರು ಭಾರತದಲ್ಲಿಯೇ ಮೊದಲನೆಯ ಕೃಷಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಹಾಕಿ ಕೂಡಿಸಿದ ನಿಧಿಯು ಕೂಡಿಸಿದವರೆಲ್ಲರ ಕಷ್ಟಕ್ಕೆ ಒದಗಿತು. ಮುಕ್ತ ತಂತ್ರಾಂಶವು ಜ್ಞಾನದ ಇಂಥದೇ ಒಂದು ಸಂಘವು. ಭೇದವೇನೆಂದರೆ ಈ ನಿಧಿಯಿಂದ ಎಷ್ಟು ಜನ ಎಷ್ಟು ತೆಗೆದುಕೊಂಡರೂ ಅದು ತೀರುವುದಿಲ್ಲ.

ನಮ್ಮ ಭಾಷೆಯ ಮಕ್ಕಳು ಇದನ್ನು ಈಗಾಗಲೇ ಬಳಸುತ್ತಿದ್ದಾರೆ. ಕರ್ನಾಟಕದ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ೨೦೧೧ರ ತರುವಾಯ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಉಬುಂಟುವನ್ನು ಕಲಿಸಲಾಯಿತು. ಗಡಿಯ ಆಚೆಗಿರುವ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕೇರಳದ ಶಾಲೆಗಳಿಗಾಗಿ ಸಿದ್ಧಪಡಿಸಿದ ಲಿನಕ್ಸಿನಲ್ಲಿಯೇ ಗಣಕವಿದ್ಯೆಯನ್ನು ಅಭ್ಯಾಸಮಾಡುತ್ತಾರೆ.

ಯಂತ್ರದೊಳಗಿನ ನಾಲ್ವರು

ನಿಸ್ತಂತು ಜಾಲವು ಕೂಡಬೇಕಾದರೆ ಲ್ಯಾಪ್‌ಟಾಪಿನಲ್ಲಿ ನಾಲ್ಕು ವಸ್ತುಗಳು ಹೊಂದಿಕೊಂಡು ನಡೆಯಬೇಕು. ಮೊದಲನೆಯದು ಕಾರ್ಡು, ಬಿಸ್ಕೀಟಿನಷ್ಟು ಚಿಕ್ಕದಾದ, ಅಲೆಗಳನ್ನು ಕಳುಹಿಸುವ ಮತ್ತು ಹಿಡಿಯುವ ಹಲಗೆ. ಎರಡನೆಯದು ಡ್ರೈವರು, ಇದು ಕರ್ನೆಲ್ಲಿಗೂ ಕಾರ್ಡಿಗೂ ನಡುವಣ ದುಭಾಷಿ. ಕರ್ನೆಲ್ಲಿನ ಮಾತನ್ನು ಕಾರ್ಡಿಗೂ ಕಾರ್ಡಿನ ಮಾತನ್ನು ಕರ್ನೆಲ್ಲಿಗೂ ತಿಳಿಸುತ್ತದೆ. ಮೂರನೆಯದು ಫರ್ಮ್‌ವೇರು; ಇದು ಕಾರ್ಡಿನ ಒಳಗೇ ನಡೆಯತಕ್ಕ ಕಾರ್ಯಕ್ಕೆ ಬೇಕಾದ ಪಾಠ. ಬಹಳ ಕಾರ್ಡುಗಳಿಗೆ ಈ ಪಾಠ ನೆನಪಿನಲ್ಲಿ ಉಳಿಯುವುದಿಲ್ಲ. ಪ್ರತಿಸಲ ಯಂತ್ರವು ಎದ್ದಾಗ ಡ್ರೈವರು ಅದನ್ನು ಹೊಸದಾಗಿ ಹೇಳಿಕೊಡಬೇಕಾಗುತ್ತದೆ. ನಾಲ್ಕನೆಯದು ನೆಟ್‌ವರ್ಕ್ ಮ್ಯಾನೇಜರು. ಸುತ್ತಲಿನ ಜಾಲಗಳ ಹೆಸರನ್ನು ಪರದೆಯ ಮೇಲೆ ತೋರಿಸಿ, ನಾವು ಆರಿಸಿದ ಜಾಲಕ್ಕೆ ಪಾಸ್‌ವರ್ಡನ್ನು ಒಪ್ಪಿಸುವ ಕಾರಭಾರಿ ಇದು.

ಇವುಗಳಲ್ಲಿ ಫರ್ಮ್‌ವೇರಿನ ವಿಷಯವನ್ನು ಚೆನ್ನಾಗಿ ತಿಳಿಯತಕ್ಕದ್ದು. ಲಿನಕ್ಸಿನ ಡ್ರೈವರುಗಳು ಬಹುತೇಕ ಮುಕ್ತವಾಗಿವೆ. ಆದರೆ ಫರ್ಮ್‌ವೇರಿನ ಮೂಲಬರಹವನ್ನು ಕಾರ್ಡು ತಯಾರಿಸುವ ಕಂಪನಿಗಳು ಪ್ರಾಯಶಃ ಬಿಟ್ಟುಕೊಡುವುದಿಲ್ಲ. ಡೆಬಿಯನ್ ಸಂಘದವರು ತತ್ವನಿಷ್ಠೆಯಿಂದ ಇಂಥ ಮುಚ್ಚಿದ ಕಡತಗಳನ್ನು ತಮ್ಮ ಮುಖ್ಯ ಸ್ಥಾಪನಾ ಪ್ರತಿಯಲ್ಲಿ ಬಹುಕಾಲ ಸೇರಿಸಲಿಲ್ಲ. ಪರಿಣಾಮವೇನಾಯಿತೆಂದರೆ, ಫರ್ಮ್‌ವೇರನ್ನು ತರಲು ಜಾಲ ಬೇಕು, ಜಾಲ ಕೂಡಲು ಫರ್ಮ್‌ವೇರು ಬೇಕು ಎಂಬ ಇಕ್ಕಟ್ಟಿಗೆ ಹೊಸಬರು ಸಿಕ್ಕಿಕೊಳ್ಳುತ್ತಿದ್ದರು. ೨೦೨೨ರಲ್ಲಿ ಆ ಸಂಘದ ಸದಸ್ಯರು ಮತ ಹಾಕಿ ನಿಯಮವನ್ನು ಬದಲಿಸಿದರು. ೨೦೨೩ನೆಯ ಜೂನ್ ತಿಂಗಳಲ್ಲಿ ಹೊರಟ ಡೆಬಿಯನ್ ೧೨ರಿಂದ ಫರ್ಮ್‌ವೇರು ಸ್ಥಾಪನಾ ಪ್ರತಿಯಲ್ಲಿಯೇ ಇರುತ್ತದೆ. ಆದಕಾರಣ ಹಳೆಯ ಪ್ರತಿಯನ್ನು ಯಾರಾದರೂ ಕೊಟ್ಟರೆ ಅದನ್ನು ಬಿಟ್ಟು ಹೊಸ ಪ್ರತಿಯನ್ನೇ ತೆಗೆದುಕೊಳ್ಳುವುದು ಲೇಸು.

ಸುಗಮವಾದ ಮಾರ್ಗ

ಅನೇಕ ಯಂತ್ರಗಳಲ್ಲಿ ಏನೂ ತೊಡಕಿರುವುದಿಲ್ಲ. ಮೊದಲು, ಯಂತ್ರದಲ್ಲಿ ಲಿನಕ್ಸನ್ನು ನೆಲೆಗೊಳಿಸುವುದಕ್ಕಿಂತ ಮುಂಚೆಯೇ ಪರೀಕ್ಷಿಸುವ ಅನುಕೂಲವುಂಟು. ಉಬುಂಟುವನ್ನು ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದರೆ, ಒಳಗಿನ ಡಿಸ್ಕನ್ನು ಮುಟ್ಟದೆ ಎಲ್ಲವನ್ನೂ ನಡೆಸಿ ನೋಡಬಹುದು. ಅಲ್ಲಿ ನಿಸ್ತಂತು ಜಾಲವು ಕೂಡಿತೆಂದರೆ ನೆಲೆಗೊಳಿಸಿದ ಮೇಲೂ ಸಾಮಾನ್ಯವಾಗಿ ಕೂಡುವುದು.

ಬಳಿಕ ಪರದೆಯ ಮೂಲೆಯಲ್ಲಿರುವ ಜಾಲದ ಗುರುತನ್ನು ಒತ್ತಬೇಕು. ಹತ್ತಿರದ ಜಾಲಗಳ ಹೆಸರುಗಳ ಪಟ್ಟಿ ತೆರೆಯುತ್ತದೆ. ನಮ್ಮದನ್ನು ಆರಿಸಿ ಪಾಸ್‌ವರ್ಡನ್ನು ಬರೆಯಬೇಕು. ಇಲ್ಲಿ ಎರಡು ಎಚ್ಚರಿಕೆಗಳು. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳು ಬೇರೆ ಬೇರೆಯಾಗಿ ಎಣಿಸಲ್ಪಡುತ್ತವೆ. ಎರಡನೆಯದು ಕನ್ನಡದಲ್ಲಿ ಬರೆಯುವವರಿಗೇ ವಿಶೇಷವಾದದ್ದು: ಕೀಲಿಮಣೆಯು ಕನ್ನಡಕ್ಕೆ ತಿರುಗಿಸಿದ್ದಾಗಲೇ ಪಾಸ್‌ವರ್ಡನ್ನು ಒತ್ತಿದರೆ ಅಲ್ಲಿ ಕನ್ನಡ ಅಕ್ಷರಗಳು ಬೀಳುತ್ತವೆ. ಅವು ಚುಕ್ಕೆಗಳಾಗಿ ಮರೆಯಾಗಿರುವುದರಿಂದ ತಪ್ಪು ಕಾಣುವುದಿಲ್ಲ. ಆದಕಾರಣ ಕಣ್ಣಿನ ಗುರುತನ್ನು ಒತ್ತಿ, ಬರೆದದ್ದನ್ನು ಓದಿನೋಡಿ, ಆಮೇಲೆ ಒಪ್ಪಿಸಬೇಕು.

ಜಾಲಗಳ ಹೆಸರೇ ಕಾಣದಿದ್ದರೆ

ಈಗ ತೊಡಕಿನ ಮಾತಿಗೆ ಬರುತ್ತೇವೆ. ಇದಕ್ಕಾಗಿ ಟರ್ಮಿನಲ್ಲೆಂಬ ಕಪ್ಪು ಕಿಟಕಿಯನ್ನು ತೆರೆಯಬೇಕು. ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಎಂಬ ಮೂರು ಕೀಲಿಗಳನ್ನು ಕೂಡಿ ಒತ್ತಿದರೆ ಅದು ತೆರೆಯುತ್ತದೆ. ಅದನ್ನು ಕಂಡು ಅಂಜಬೇಕಾಗಿಲ್ಲ. ಅಲ್ಲಿ ನಾವು ಪ್ರಶ್ನೆ ಕೇಳುತ್ತೇವೆ. ಯಂತ್ರವು ಇದ್ದದ್ದನ್ನು ಇದ್ದಂತೆ ಹೇಳುತ್ತದೆ. ಕೆಳಗೆ ಹೇಳುವ ಮೂರು ಪ್ರಶ್ನೆಗಳಿಂದ ಯಂತ್ರಕ್ಕೆ ಯಾವ ಹಾನಿಯೂ ಇಲ್ಲ.

ಒಂದನೆಯ ಪ್ರಶ್ನೆ: ಕಾರ್ಡಿನ ಬಾಯಿ ಕಟ್ಟಲ್ಪಟ್ಟಿದೆಯೋ? ‘ಆರ್‌ಎಫ್‌ಕಿಲ್’ ಎಂಬ ಶಬ್ದವನ್ನು ಆರ್, ಎಫ್, ಕೆ, ಐ, ಎಲ್, ಎಲ್ ಎಂಬ ಸಣ್ಣಕ್ಷರಗಳಿಂದ ಬರೆದು, ತೆರಪು ಬಿಟ್ಟು ‘ಲಿಸ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಬೇಕು. ‘ಸಾಫ್ಟ್ ಬ್ಲಾಕ್ಡ್’ ಎಂಬುದರ ಮುಂದೆ ‘ಯೆಸ್’ ಎಂದಿದ್ದರೆ ತಂತ್ರಾಂಶವೇ ಕಾರ್ಡನ್ನು ತಡೆದಿದೆ; ವಿಮಾನದ ಚಿತ್ರವುಳ್ಳ ಏರೋಪ್ಲೇನ್ ಮೋಡನ್ನು ತೆಗೆದರೆ ಸಾಕು. ‘ಹಾರ್ಡ್ ಬ್ಲಾಕ್ಡ್’ ಮುಂದೆ ‘ಯೆಸ್’ ಎಂದಿದ್ದರೆ ಯಂತ್ರದ ಬದಿಯಲ್ಲಿಯೋ ಕೀಲಿಮಣೆಯ ಮೇಲಿನ ಸಾಲಿನಲ್ಲಿಯೋ ಇರುವ ಸ್ವಿಚ್ಚು ಆರಿದೆಯೆಂದು ತಿಳಿಯಬೇಕು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಚೀಲದಲ್ಲಿಡುವಾಗ ಈ ಸ್ವಿಚ್ಚು ತಾನೇ ಸರಿಯುವುದುಂಟು. ಬೇರೆ ಯಾವ ಉಪಾಯಕ್ಕಿಂತ ಮುಂಚೆ ಇದನ್ನು ನೋಡತಕ್ಕದ್ದು.

ಎರಡನೆಯ ಪ್ರಶ್ನೆ: ಕಾರ್ಡು ಯಾರದು, ಅದಕ್ಕೆ ದುಭಾಷಿ ದೊರೆತಿದೆಯೋ? ಎಲ್, ಎಸ್, ಪಿ, ಸಿ, ಐ ಎಂದು ಬರೆದು, ತೆರಪು ಬಿಟ್ಟು, ಒಂದು ಅಡ್ಡಗೆರೆಯೊಡನೆ ಎನ್, ಎನ್, ಕೆ ಎಂದು ಬರೆಯಬೇಕು. ಬರುವ ಪಟ್ಟಿಯಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಸಾಲನ್ನು ಹುಡುಕಬೇಕು. ಅದರ ಕೊನೆಯಲ್ಲಿ ನಾಲ್ಕು ನಾಲ್ಕು ಅಂಕಗಳ ಜೋಡಿಯಿರುತ್ತದೆ; ಮೊದಲ ನಾಲ್ಕು ಅಂಕಗಳು ಕಂಪನಿಯ ಗುರುತು. ೮೦೮೬ ಎಂದಿದ್ದರೆ ಇಂಟೆಲ್. ೧೦ ಇಸಿ ಎಂದಿದ್ದರೆ ರಿಯಲ್‌ಟೆಕ್. ೧೬೮ ಸಿ ಎಂದಿದ್ದರೆ ಎಥೆರೋಸ್. ೧೪ ಇ ೪ ಎಂದಿದ್ದರೆ ಬ್ರಾಡ್‌ಕಾಮ್. ಅದೇ ಸಾಲಿನ ಕೆಳಗೆ ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಎಂಬ ಮಾತಿದ್ದರೆ ದುಭಾಷಿ ದೊರೆತಿದೆಯೆಂದರ್ಥ. ಆ ಮಾತೇ ಇಲ್ಲದಿದ್ದರೆ ಡ್ರೈವರು ಬೇಕಾಗಿದೆ. ಇಂಟೆಲ್ಲಿನ ಕಾರ್ಡುಗಳು ಬಹುಶಃ ತೊಂದರೆ ಕೊಡುವುದಿಲ್ಲ. ಎಥೆರೋಸಿನ ಹಳೆಯ ಕಾರ್ಡುಗಳಲ್ಲಿ ಕೆಲವಕ್ಕೆ ಹೊರಗಿನ ಫರ್ಮ್‌ವೇರೂ ಬೇಡ. ಬ್ರಾಡ್‌ಕಾಮಿನ ಕಾರ್ಡುಗಳಿಗೆ ಅನೇಕ ವೇಳೆ ಕಂಪನಿಯ ಮುಚ್ಚಿದ ಡ್ರೈವರನ್ನು ತರಬೇಕಾಗುತ್ತದೆ. ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’ ಎಂಬ ಕಿಟಕಿಯು ಇದಕ್ಕಾಗಿಯೇ ಇದೆ.

ಮೂರನೆಯ ಪ್ರಶ್ನೆ: ಫರ್ಮ್‌ವೇರು ದೊರೆತಿದೆಯೋ? ಯಂತ್ರವು ಎದ್ದಾಗಿನಿಂದ ನಡೆದದ್ದನ್ನೆಲ್ಲ ಕರ್ನೆಲ್ಲು ದಿನಚರಿಯಂತೆ ಬರೆದಿಡುತ್ತದೆ. ‘ಸುಡೊ’ ಎಂಬ ಶಬ್ದವನ್ನು ಎಸ್, ಯು, ಡಿ, ಒ ಎಂದು ಬರೆದು, ತೆರಪು ಬಿಟ್ಟು, ಡಿ, ಎಂ, ಇ, ಎಸ್, ಜಿ ಎಂದು ಬರೆದರೆ, ಯಂತ್ರದ ಪಾಸ್‌ವರ್ಡನ್ನು ಕೇಳಿಕೊಂಡು ಆ ದಿನಚರಿಯನ್ನು ತೋರಿಸುತ್ತದೆ. ಅದರಲ್ಲಿ ‘ಫರ್ಮ್‌ವೇರ್’ ಎಂಬ ಶಬ್ದದ ಬಳಿ ‘ಫೇಲ್ಡ್’ ಎಂದಿದ್ದರೆ ರೋಗ ಸಿಕ್ಕಿತು. ಯಾವ ಕಡತವು ಸಿಗಲಿಲ್ಲವೆಂಬ ಹೆಸರೂ ಅದೇ ಸಾಲಿನಲ್ಲಿ ಇರುತ್ತದೆ. ಆ ಹೆಸರನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು.

ಜಾಲವಿಲ್ಲದೆ ಫರ್ಮ್‌ವೇರನ್ನಾಗಲಿ ಡ್ರೈವರನ್ನಾಗಲಿ ತರುವುದೆಂತು? ಇದಕ್ಕೆ ಮೊಬೈಲ್ ಫೋನೇ ಸಾಧನವು. ಫೋನನ್ನು ಅದರ ಚಾರ್ಜಿನ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಎಂಬುದನ್ನು ತೆರೆದರೆ, ನಿಸ್ತಂತು ಕಾರ್ಡಿನ ಹಂಗಿಲ್ಲದೆ ಫೋನಿನ ಜಾಲವು ತಂತಿಯ ಮೂಲಕ ಲ್ಯಾಪ್‌ಟಾಪಿಗೆ ಬರುತ್ತದೆ. ಆಗ ಬೇಕಾದ ಪ್ಯಾಕೇಜನ್ನು ತಂದು ನೆಲೆಗೊಳಿಸಿ, ಯಂತ್ರವನ್ನು ಒಮ್ಮೆ ಆರಿಸಿ ಎಬ್ಬಿಸಬೇಕು. ಡೆಬಿಯನ್ನಿನಲ್ಲಿ ಈ ಪ್ಯಾಕೇಜುಗಳ ಹೆಸರು ‘ಫರ್ಮ್‌ವೇರ್’ ಎಂದೇ ಆರಂಭವಾಗಿ, ಇಂಟೆಲ್ಲಿಗೆ ‘ಐಡಬ್ಲ್ಯುಎಲ್‌ವೈಫೈ’ ಎಂದೂ ರಿಯಲ್‌ಟೆಕ್ಕಿಗೆ ‘ರಿಯಲ್‌ಟೆಕ್’ ಎಂದೂ ಮುಗಿಯುತ್ತವೆ. ಈ ತಂತಿಯ ಉಪಾಯವೊಂದನ್ನು ಬಲ್ಲವರು ಮೇಲೆ ಹೇಳಿದ ಇಕ್ಕಟ್ಟಿನಲ್ಲಿ ಎಂದೂ ಸಿಕ್ಕಿಕೊಳ್ಳಲಾರರು.

ಕೂಡಿದರೂ ಪುಟ ತೆರೆಯದಿದ್ದರೆ

ಕೆಲವೊಮ್ಮೆ ಜಾಲವು ಕೂಡಿದೆಯೆಂದು ಗುರುತು ತೋರಿಸುತ್ತದೆ; ಆದರೆ ಪುಟವು ತೆರೆಯುವುದಿಲ್ಲ. ಆಗ ಮೊದಲು ಅದೇ ಜಾಲದಲ್ಲಿರುವ ಬೇರೊಂದು ಫೋನಿನಲ್ಲಿ ನೋಡಬೇಕು. ಅಲ್ಲಿಯೂ ತೆರೆಯದಿದ್ದರೆ ದೋಷವು ರೌಟರಿನಾಚೆ ಇದೆ; ಲ್ಯಾಪ್‌ಟಾಪನ್ನು ಕಾಡಬಾರದು. ಫೋನಿನಲ್ಲಿ ತೆರೆದರೆ ಲ್ಯಾಪ್‌ಟಾಪಿನ ತಾರೀಖನ್ನು ನೋಡಬೇಕು. ಬಹುದಿನ ಮೂಲೆಯಲ್ಲಿದ್ದ ಯಂತ್ರದ ಒಳಗಿನ ನಾಣ್ಯದಾಕಾರದ ಬ್ಯಾಟರಿಯು ಸತ್ತಿದ್ದರೆ ಗಡಿಯಾರವು ಎಷ್ಟೋ ವರ್ಷ ಹಿಂದೆ ನಿಂತಿರುತ್ತದೆ. ಜಾಲತಾಣಗಳ ಪ್ರಮಾಣಪತ್ರಗಳಿಗೆ ಆರಂಭದ ದಿನವೂ ಮುಗಿಯುವ ದಿನವೂ ಇರುವುದರಿಂದ, ತಪ್ಪು ತಾರೀಖಿನ ಯಂತ್ರವು ನಿಜವಾದ ಪತ್ರವನ್ನೂ ಸುಳ್ಳೆಂದು ತಿರಸ್ಕರಿಸುತ್ತದೆ. ತಾರೀಖನ್ನು ಸರಿಪಡಿಸಿದರೆ ಪುಟಗಳು ತೆರೆಯುತ್ತವೆ. ಬ್ಯಾಟರಿಯನ್ನು ಬದಲಿಸಿದರೆ ತೊಡಕು ಮರಳಿ ಬಾರದು.

ಸುದ್ದಿಯು ತಡೆತಡೆದು ಬರುತ್ತಿದ್ದರೆ ರೌಟರನ್ನು ಕಬ್ಬಿಣದ ಕಪಾಟಿನಿಂದಲೂ ಮೈಕ್ರೊವೇವ್ ಒಲೆಯಿಂದಲೂ ದೂರ ಎತ್ತರದಲ್ಲಿಡತಕ್ಕದ್ದು. ಆ ಒಲೆಯೂ ೨.೪ ಗಿಗಾಹರ್ಟ್ಸಿನ ಅಲೆಯಿಂದಲೇ ಅಡಿಗೆಯನ್ನು ಕಾಯಿಸುತ್ತದೆ. ಆ ಅಲೆಯಲ್ಲಿ ಒಂದರ ಮೇಲೊಂದು ಬೀಳದ ಹಾದಿಗಳು ೧, ೬, ೧೧ ಎಂಬ ಮೂರೇ ಇರುವುದರಿಂದ, ನೆರೆಮನೆಯ ರೌಟರು ಒಂದರಲ್ಲಿದ್ದರೆ ನಮ್ಮದು ಇನ್ನೊಂದರಲ್ಲಿರುವುದು ಉತ್ತಮವು. ಫೋನಿಗೆ ಕಾಣುವ ಜಾಲವು ಲ್ಯಾಪ್‌ಟಾಪಿಗೆ ಮಾತ್ರ ಕಾಣದಿದ್ದರೆ, ರೌಟರು ೧೨ ಅಥವಾ ೧೩ನೆಯ ಹಾದಿಯಲ್ಲಿದೆಯೋ ನೋಡಬೇಕು. ಅಮೇರಿಕೆಯ ನಿಯಮಕ್ಕೆ ಕಟ್ಟಿದ ಕೆಲವು ಕಾರ್ಡುಗಳು ಆ ಎರಡು ಹಾದಿಗಳ ಕಡೆಗೆ ಕಿವಿಗೊಡುವುದಿಲ್ಲ.

ಎಚ್ಚರಿಕೆಯ ಮಾತು

ತಂತಿಯಲ್ಲಿ ಹೋಗುವ ಮಾತು ತಂತಿಯಲ್ಲಿರುತ್ತದೆ. ಅಲೆಯಲ್ಲಿ ಹೋಗುವ ಮಾತು ಬೀದಿಗೂ ಕೇಳಿಸುತ್ತದೆ. ಆದ್ದರಿಂದ ಅದನ್ನು ಗುಪ್ತಲಿಪಿಯಲ್ಲಿ ಕಳುಹಿಸುವ ಏರ್ಪಾಡು ಮಾಡಿದ್ದಾರೆ. ಡಬ್ಲ್ಯುಇಪಿ ಎಂಬ ಮೊದಲನೆಯ ಏರ್ಪಾಡು ದುರ್ಬಲವೆಂದು ಬಹುಹಿಂದೆಯೇ ಸಿದ್ಧವಾಗಿರುವುದರಿಂದ ಅದನ್ನು ಬಳಸಲೇಬಾರದು. ೨೦೦೪ರ ಡಬ್ಲ್ಯುಪಿಎ೨ ಅಥವಾ ೨೦೧೮ರ ಡಬ್ಲ್ಯುಪಿಎ೩ ಎಂಬುದನ್ನೇ ರೌಟರಿನಲ್ಲಿ ಆರಿಸಬೇಕು. ಪಾಸ್‌ವರ್ಡು ಎಂಟು ಅಕ್ಷರಕ್ಕೆ ಕಡಿಮೆಯಿರಲಾಗದು. ಇನ್ನೂ ಉದ್ದವಾದರೆ ಮೇಲು. ಊರಿನ ಹೆಸರು, ಹುಟ್ಟಿದ ದಿನ, ಫೋನಿನ ಸಂಖ್ಯೆ ಇವುಗಳನ್ನು ಪಾಸ್‌ವರ್ಡು ಮಾಡಬಾರದು. ರೌಟರಿನ ಸೆಟ್ಟಿಂಗಿಗೆ ಕಾರಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಬಸ್ ನಿಲ್ದಾಣ ಮೊದಲಾದ ಕಡೆ ಪಾಸ್‌ವರ್ಡಿಲ್ಲದೆ ತೆರೆದಿಟ್ಟ ಜಾಲದಲ್ಲಿ ಹಣದ ವ್ಯವಹಾರವನ್ನು ಮಾಡದಿರುವುದು ಕ್ಷೇಮವು. ಲಿನಕ್ಸೆಂದ ಮಾತ್ರಕ್ಕೆ ಈ ಅಪಾಯಗಳು ತಪ್ಪುವುದಿಲ್ಲ.

ಕಲಿತ ಮೇಲೆ

ಗ್ರಾಮ ಪಂಚಾಯತಿಗಳವರೆಗೆ ಗಾಜಿನ ತಂತುವನ್ನು ಒಯ್ಯುವ ಯೋಜನೆಯನ್ನು ಭಾರತ ಸರಕಾರವು ೨೦೧೧ರಲ್ಲಿ ಮಂಜೂರು ಮಾಡಿತು. ಅದನ್ನೇ ಈಗ ಭಾರತ್‌ನೆಟ್ ಎನ್ನುತ್ತಾರೆ. ಆ ತಂತುವು ಪಂಚಾಯತಿಯ ಬಾಗಿಲಿಗೆ ಬಂದರೂ ಅಲ್ಲಿಂದ ಮಕ್ಕಳ ಪಾಟಿ ಪುಸ್ತಕಗಳ ಮಗ್ಗುಲಿಗೆ ಬರತಕ್ಕ ಕೊನೆಯ ಕೆಲವು ಮಾರುಗಳ ದಾರಿಯು ಬಹುತೇಕ ನಿಸ್ತಂತುವೇ. ಆ ಮಾರುಗಳನ್ನು ದಾಟಿಸಬಲ್ಲವರು ಊರಲ್ಲಿಯೇ ಇರಬೇಕು. ಗದುಗಿನಿಂದಲೋ ಹುಬ್ಬಳ್ಳಿಯಿಂದಲೋ ಒಬ್ಬರು ಬರುವ ತನಕ ಕಾಯುವ ಊರಿಗೆ ವಿದ್ಯೆಯೂ ತಡವಾಗಿಯೇ ಬರುತ್ತದೆ. ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಒಬ್ಬೊಬ್ಬ ಹುಡುಗಿಯು ಮೇಲಿನ ಪ್ರಶ್ನೆಗಳನ್ನು ಕೇಳಲು ಕಲಿತರೆ, ಆ ಹಳ್ಳಿಯ ಶಾಲೆಯ ಹಳೆಯ ಯಂತ್ರವು ಸಾಯುವುದಿಲ್ಲ. ಅರ್ಜಿ ಹಾಕುವ ಅಕ್ಕನು, ಪರೀಕ್ಷೆಯ ಫಲವನ್ನು ನೋಡುವ ತಮ್ಮನು, ಜೋಳ ಹತ್ತಿಗಳ ಪೇಟೆಯ ದರವನ್ನು ವಿಚಾರಿಸುವ ತಂದೆಯು ಆಕೆಯ ಬಳಿಗೇ ಬರುವರು.

ತನ್ನ ಪಾಲಿಗೆ ಬಂದ ತಲಾಂತನ್ನು ನೆಲದಲ್ಲಿ ಹೂಳಿಟ್ಟ ಆಳಿನ ಸಾಮ್ಯವನ್ನು ನಮ್ಮ ಬಾಲಿಕೆಯರು ಚಿಕ್ಕಂದಿನಿಂದ ಕೇಳಿದ್ದಾರೆ. ಆತನು ಅದನ್ನು ಕಳೆಯಲಿಲ್ಲ, ಕದಿಯಲಿಲ್ಲ, ಅಂಜಿದನು, ಅಷ್ಟೇ. ಕಪಾಟಿನಲ್ಲಿ ಮುಚ್ಚಿಟ್ಟ ಯಂತ್ರಕ್ಕೂ ಅಂಜಿಕೆಯೇ ಕಾರಣವು. ಮೇಲೆ ಹೇಳಿದ ಪ್ರಶ್ನೆಗಳನ್ನು ಒಂದು ಕಾಗದದ ಮೇಲೆ ಬರೆದುಕೊಂಡು ಅಂಥ ಒಂದು ಯಂತ್ರದ ಮುಂದೆ ಕುಳಿತು ನೋಡಿರಿ. ಕೂಡದಿದ್ದರೆ ಯಾತಕ್ಕೆ ಕೂಡಲಿಲ್ಲವೆಂಬ ಕಾರಣವಾದರೂ ಕೈಗೆ ಬರುವುದು. ಕೂಡಿತೆಂದರೆ ಕೂಡಿಸಿದ ಕ್ರಮವನ್ನು ಪಕ್ಕದ ಮಣೆಯ ಗೆಳತಿಗೆ ಹೇಳಿಕೊಡಿರಿ. ಪಡೆದದ್ದನ್ನು ಹಂಚುವುದೇ ಮುಕ್ತ ತಂತ್ರಾಂಶದ ಧರ್ಮವು; ನಮ್ಮ ವಿದ್ಯಾಶಾಲೆಯು ಕಲಿಸುವ ಧರ್ಮವೂ ಅದೇ.